ಬಂಧನದ ಮೃಗಗಳೂ ಉದರಕ್ರಿಮಿಗಳೂ

ಪಶುವೈದ್ಯದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಔಷಧಗಳ ಚರಿತ್ರೆಯನ್ನೇ ಬರೆಯುವುದುಂಟು. ಉದರಕ್ರಿಮಿಗಳ ವಿಷಯದಲ್ಲಿ ಈ ಕ್ರಮವು ಸಾಲದು. ಮೃಗವು ಮೇಯುವ ನೆಲವನ್ನೂ ವಿಚಾರಿಸಬೇಕಾಗುತ್ತದೆ.

ಕ್ರಿಮಿವಿಚಾರವು ನಮಗೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನವು 20 ಬಗೆಯ ಕ್ರಿಮಿಗಳನ್ನು ಎಣಿಸಿ ಚಿಕಿತ್ಸೆಯನ್ನು ಮೂರು ವಿಧವಾಗಿ ವಿಂಗಡಿಸಿದೆ: ಕ್ರಿಮಿಯನ್ನು ಹೊರಗೆಳೆಯುವ ಅಪಕರ್ಷಣ, ಅದು ಬೆಳೆಯುವ ಸ್ಥಿತಿಯನ್ನು ಕೆಡಿಸುವ ಪ್ರಕೃತಿವಿಘಾತ, ಮೂಲಕಾರಣವನ್ನೇ ತೊರೆಯುವ ನಿದಾನಪರಿವರ್ಜನ. ಕನ್ನಡದಲ್ಲಿ ಚಾಲುಕ್ಯವಂಶದ ಕೀರ್ತಿವರ್ಮನು 12ನೆಯ ಶತಮಾನದ ಆದಿಭಾಗದಲ್ಲಿ 'ಗೋವೈದ್ಯ'ವನ್ನು ರಚಿಸಿದನು. ಮೊದಲನೆಯದು ಮನುಷ್ಯನನ್ನು ಕುರಿತುದು, ಎರಡನೆಯದು ಸಾಕಿದ ಹಸುವನ್ನು ಕುರಿತುದು. ಬೇಲಿಯೊಳಗಿಟ್ಟ ಕಾಡುಮೃಗದ ಪ್ರಶ್ನೆಯು ಈಚಿನದು.

ಪುತ್ತೂರು, ಸುಳ್ಯ, ಕಡಬ ಸೀಮೆಗಳ ಪ್ರಧಾನ ಬೆಳೆಯಾದ ಅಡಕೆಗೂ ಈ ಚರಿತ್ರೆಯಲ್ಲಿ ಸ್ಥಾನವುಂಟು. ಯೂರೋಪಿನ ಪಶುವೈದ್ಯರು ಅಡಕೆಯ ಪುಡಿಯನ್ನು ನಾಯಿಗಳ ಲಾಡಿಹುಳುವಿಗೆ ಕೊಡುತ್ತಿದ್ದರು. 1888ರಲ್ಲಿ ಯಾನ್ಸ್ ಎಂಬ ಜರ್ಮನ್ ರಸಾಯನಜ್ಞನು ಅದರಿಂದ ಅರೆಕೋಲೀನನ್ನು ಬೇರ್ಪಡಿಸಿದನು. ಹುಳುವನ್ನು ನಿಶ್ಚೇಷ್ಟಗೊಳಿಸಿ ಭೇದಿಯೊಡನೆ ಹೊರದೂಡುವ ಈ ಕ್ರಮವು ಅಪಕರ್ಷಣವೇ ಸರಿ.

ಈ ಸೀಮೆಯ ಪೂರ್ವಕ್ಕಿರುವ ಘಟ್ಟದ ಕಾಡುಗಳಲ್ಲಿ ಕಡವೆ, ಕಾಟಿಗಳು ಸಂಚರಿಸುತ್ತವೆ. ಅವುಗಳ ಹೊಟ್ಟೆಯಲ್ಲಿಯೂ ಹುಳುಗಳಿಲ್ಲದಿಲ್ಲ. ಆದರೆ ಹಿಕ್ಕೆಯೂ ಸಗಣಿಯೂ ಬಿದ್ದ ಎಡೆಯನ್ನು ಬಿಟ್ಟು ಮುಂದೆ ಮೇಯುತ್ತ ಹೋಗುವುದರಿಂದ ಸೋಂಕು ಚದುರುತ್ತದೆ. ಬೇಲಿಯೊಳಗಿನ ಮೃಗಕ್ಕೆ ಈ ಅನುಕೂಲವಿಲ್ಲ. ಹಿಕ್ಕೆಯಲ್ಲಿನ ಮೊಟ್ಟೆಗಳಿಂದ ಹೊರಟ ಮರಿಹುಳುಗಳು ಕೆಲವು ದಿನಗಳಲ್ಲಿ ಬಲಿತು ತೇವದ ಹುಲ್ಲನ್ನು ಏರುತ್ತವೆ. ಅದೇ ಹುಲ್ಲನ್ನು ಅದೇ ಮೃಗವು ಮರಳಿ ಮೇಯುತ್ತದೆ. ಚಾಟಿಹುಳುವಿನ ಮೊಟ್ಟೆಗಳಾದರೋ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲುವು.

ಹತ್ತನೆಯ ಚಾಮರಾಜ ಒಡೆಯರು 1892ರಲ್ಲಿ ಸ್ಥಾಪಿಸಿದ ಮೈಸೂರಿನ ಮೃಗಾಲಯಕ್ಕೂ, ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರ ಹೆಸರನ್ನು ಹೊತ್ತ ಮಂಗಳೂರು ಬಳಿಯ ಪಿಲಿಕುಳ ನಿಸರ್ಗಧಾಮಕ್ಕೂ ಈ ನಿಯಮವು ಒಂದೇ. ತುಳುವಿನಲ್ಲಿ 'ಪಿಲಿ' ಎಂದರೆ ಹುಲಿ. ಆದರೆ ಕ್ರಿಮಿಯ ಭಯವು ಅಲ್ಲಿ ಹುಲ್ಲುಮೇಯುವ ಜಿಂಕೆಗೇ ಹೆಚ್ಚು.

1939ರಲ್ಲಿ ಆಸ್ಟ್ರೇಲಿಯದ ಗೋರ್ಡನ್ ಮತ್ತು ವಿಟ್‌ಲಾಕ್ ಎಂಬವರು ಹಿಕ್ಕೆಯಲ್ಲಿನ ಮೊಟ್ಟೆಗಳನ್ನು ಎಣಿಸುವ ಸುಲಭಕ್ರಮವನ್ನು ಪ್ರಕಟಿಸಿದರು. ಮೃಗವನ್ನು ಮುಟ್ಟದೆಯೇ ರೋಗವನ್ನು ಅಳೆಯುವುದು ಇದರಿಂದ ಸಾಧ್ಯವಾಯಿತು. 1961ರಲ್ಲಿ ಥಯಾಬೆಂಡಜೋಲ್, 1981ರಲ್ಲಿ ಐವರ್ಮೆಕ್ಟಿನ್ ಬಳಕೆಗೆ ಬಂದುವು. ಎರಡನೆಯದರ ಶೋಧಕ್ಕಾಗಿ ಕ್ಯಾಂಬೆಲ್ ಮತ್ತು ಓಮುರಾ ಎಂಬವರು 2015ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಆದರೂ ಔಷಧವೊಂದರಿಂದಲೇ ಕಾರ್ಯವು ಮುಗಿಯಲಿಲ್ಲ. ಹಿಂಡಿನ ಜಿಂಕೆಗಳನ್ನು ಒಂದೊಂದಾಗಿ ಹಿಡಿಯುವುದು ಅಪಾಯಕರವಾದುದರಿಂದ ಮದ್ದನ್ನು ಮೇವಿನಲ್ಲಿ ಬೆರೆಸುವರು. ಬಲಿಷ್ಠವಾದುದು ಹೆಚ್ಚು ತಿನ್ನುತ್ತದೆ. ದುರ್ಬಲವಾದುದಕ್ಕೆ ಪ್ರಮಾಣವು ಸಾಲದು. ಹೀಗೆ ಅರೆಮದ್ದನ್ನುಂಡು ಬದುಕಿದ ಹುಳುಗಳ ಸಂತತಿಯು ಮದ್ದಿಗೆ ಬಗ್ಗದಂತಾಗುತ್ತದೆ.

ಆದುದರಿಂದ ಹಿಕ್ಕೆಯನ್ನು ನಿತ್ಯವೂ ತೆಗೆಯುವುದು, ಮೇವನ್ನು ನೆಲದಿಂದ ಎತ್ತರದಲ್ಲಿಡುವುದು, ನೀರು ನಿಲ್ಲದಂತೆ ನೋಡುವುದು, ಆವರಣಗಳನ್ನು ಸರದಿಯಂತೆ ಬರಿದುಬಿಡುವುದು ಮದ್ದಿನಷ್ಟೇ ಅವಶ್ಯಕ. ಚರಕನ ಮೂರನೆಯ ವಿಧವು ಇದೇ. ಮೃಗದ ಸಂಚಾರಸ್ವಾತಂತ್ರ್ಯವನ್ನು ಕಳೆದವರು, ಆ ಸಂಚಾರವು ಮಾಡುತ್ತಿದ್ದ ಶುಚಿಕಾರ್ಯವನ್ನು ತಾವೇ ವಹಿಸಬೇಕಾದುದು ನ್ಯಾಯವೆಂದು ತೋರುತ್ತದೆ.