ಗೋಲು ಕಾಯ್ದವನ ಲೆಕ್ಕ

ದರೋಜಿ ಎಂದೊಡನೆ ನೆನಪಾಗುವುದು ಕರಡಿಧಾಮ, ಕೆರೆ, ಬುರ‍್ರಕಥೆ. ಫುಟ್‌ಬಾಲ್ ಅಲ್ಲ. ಆದರೆ ಇಲ್ಲಿಗೆ ಹತ್ತಿರದ ತೋರಣಗಲ್ಲಿನಲ್ಲಿ ಬೃಹತ್ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯೂ ಸಮೂಹವೇ 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಕ್ಲಬ್ ಕಟ್ಟಿತು. ಅದರ ರಕ್ಷಣಾ ವಿಭಾಗಕ್ಕೆ ಬಂದವರು ಜಾನ್ ಜಾನ್ಸನ್. ಅವರ ಹುಟ್ಟೂರು ಇಂಗ್ಲೆಂಡಿನ ಮಿಡಲ್ಸ್‌ಬರೋ. ಅದೂ ಕಬ್ಬಿಣ-ಉಕ್ಕಿನಿಂದಲೇ ಬೆಳೆದ ಊರು. 1932ರಲ್ಲಿ ಪೂರ್ಣಗೊಂಡ ಸಿಡ್ನಿ ಬಂದರಿನ ಸೇತುವೆಯನ್ನು ಕಟ್ಟಿದ್ದು ಆ ಊರಿನ ಡಾರ್ಮನ್ ಲಾಂಗ್ ಕಂಪೆನಿ.

ಜಾನ್ಸನ್ ಹುಟ್ಟಿದ್ದು 1988ರಲ್ಲಿ. ಊರಿನ ಮಿಡಲ್ಸ್‌ಬರೋ ಕ್ಲಬ್‌ನಲ್ಲಿ ಆಟ ಕಲಿತು, ನಂತರ ಕೆಳ ದರ್ಜೆಯ ಲೀಗ್‌ನ ನಾರ್ತಾಂಪ್ಟನ್ ಟೌನ್ ಸೇರಿದರು. ದೊಡ್ಡ ಕ್ಲಬ್ಬಿನಿಂದ ಆರಂಭಿಸಿ ಸಣ್ಣ ಕ್ಲಬ್ಬಿಗೆ ಇಳಿಯುವುದು ಇಂಗ್ಲೆಂಡಿನಲ್ಲಿ ಅನೇಕ ವೃತ್ತಿಪರರ ಪಾಡು. ಅಂಥವರು ಪರದೇಶಕ್ಕೆ ಹೋಗುವುದೂ ಹೊಸದಲ್ಲ. ಆದರೆ 24ರ ಹರೆಯದಲ್ಲಿ, ಇನ್ನೂ ಒಂದು ಪಂದ್ಯವನ್ನೂ ಆಡದ ಕ್ಲಬ್ಬನ್ನು ನಂಬಿ ಭಾರತಕ್ಕೆ ಬರುವುದು ಸಣ್ಣ ಸಾಹಸವಲ್ಲ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಾಗಿರಲಿಲ್ಲ. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು 1946-47ರಿಂದ 1968-69ರ ನಡುವೆ ನಾಲ್ಕು ಬಾರಿ ಗೆದ್ದಿತ್ತು. ಆದರೆ ಆ ವೈಭವ ಮಾಸಿತ್ತು. ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಕೆಳಗಿಳಿದ ಮೇಲೆ ರಾಷ್ಟ್ರೀಯ ಲೀಗ್‌ನಲ್ಲಿ ಊರಿನ ಹೆಸರು ಹೇಳುವವರೇ ಇರಲಿಲ್ಲ. ಇಂಥ ಹೊತ್ತಿನಲ್ಲಿ ಹುಟ್ಟಿದ ಹೊಸ ಕ್ಲಬ್ ತನ್ನ ಮೊದಲ ಋತುವಿನಲ್ಲೇ, 2014ರ ಏಪ್ರಿಲ್‌ನಲ್ಲಿ, ಐ-ಲೀಗ್ ಗೆದ್ದು ಎಲ್ಲರನ್ನೂ ಬೆರಗುಗೊಳಿಸಿತು. ಜನ ಕೊಂಡಾಡಿದ್ದು ನಾಯಕ ಸುನಿಲ್ ಚೆಟ್ರಿ ಅವರ ಗೋಲುಗಳನ್ನು. ಹಿಂದೆ ನಿಂತು ಗೋಲು ಕಾಯುತ್ತಿದ್ದವರು ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ.

ಡಿಫೆಂಡರ್‌ನ ಕೆಲಸವೇ ಅಂಥದು. ಮುಂಚೂಣಿಯ ಆಟಗಾರ ಹತ್ತು ಅವಕಾಶ ಕಳೆದುಕೊಂಡು ಹನ್ನೊಂದನೆಯದರಲ್ಲಿ ಗೋಲು ಹೊಡೆದರೆ ಅವನೇ ವೀರ. ರಕ್ಷಕ ಹತ್ತು ಬಾರಿ ತಡೆದು ಹನ್ನೊಂದನೆಯ ಬಾರಿ ಎಡವಿದರೆ ಆ ಒಂದು ತಪ್ಪೇ ಎಲ್ಲರಿಗೂ ನೆನಪು.

ಇದಕ್ಕೆ ವಿಚಿತ್ರ ಉದಾಹರಣೆ 2015ರ ಮೇ 31ರ ಪಂದ್ಯ. ಅದು ಐ-ಲೀಗ್‌ನ ಕಡೆಯ ದಿನ. ಕಂಠೀರವ ಕ್ರೀಡಾಂಗಣದಲ್ಲಿ ಎದುರಾಳಿ ಮೋಹನ್ ಬಾಗಾನ್. ಬಾಗಾನ್ ಎರಡು ಅಂಕ ಮುಂದಿತ್ತು; ಅದಕ್ಕೆ ಸಮಬಲ ಸಾಕು, ಬೆಂಗಳೂರಿಗೆ ಗೆಲುವೇ ಬೇಕು. 41ನೇ ನಿಮಿಷದಲ್ಲಿ ಗೋಲು ಬಂತು. ಹೊಡೆದವರು ಚೆಟ್ರಿ ಅಲ್ಲ, ಜಾನ್ಸನ್! ಮುಂದಿನ ಮುಕ್ಕಾಲು ಗಂಟೆ ಆ ಒಂದು ಗೋಲನ್ನು ಉಳಿಸಿಕೊಳ್ಳುವುದಷ್ಟೇ ಕೆಲಸ. 87ನೇ ನಿಮಿಷದಲ್ಲಿ ಬಾಗಾನ್‌ನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದರು. ನೈಜೀರಿಯಾದ ಅವರೂ ಡಿಫೆಂಡರ್! ಪಂದ್ಯ 1-1ರಲ್ಲಿ ಮುಗಿಯಿತು. 13 ವರ್ಷಗಳ ನಂತರ ಲೀಗ್ ಪ್ರಶಸ್ತಿ ಕೋಲ್ಕತ್ತದ ಆ ಹಳೆಯ ಕ್ಲಬ್ಬಿನ ಪಾಲಾಯಿತು. ಇನ್ನು ಕೆಲವೇ ನಿಮಿಷ ತಡೆದಿದ್ದರೆ ಜಾನ್ಸನ್ ಅವರ ಗೋಲು ಊರಿನ ಕಥೆಯಾಗುತ್ತಿತ್ತು.

ಮರುವರ್ಷ ಬೆಂಗಳೂರು ಲೀಗ್ ಪ್ರಶಸ್ತಿಯನ್ನು ಮರಳಿ ಪಡೆಯಿತು. 2016ರ ನವೆಂಬರ್‌ನಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಹಂತ ಮುಟ್ಟಿರಲಿಲ್ಲ. ದೋಹಾದಲ್ಲಿ ಇರಾಕ್‌ನ ವಾಯುಪಡೆ ತಂಡ 1-0ಯಿಂದ ಗೆದ್ದಿತು. 2018ರ ಮಾರ್ಚ್‌ನಲ್ಲಿ ತವರಿನಲ್ಲೇ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 3-2ರ ಸೋಲು. ಆ ವರ್ಷ ಜಾನ್ಸನ್ ಕೋಲ್ಕತ್ತದ ಎಟಿಕೆ ತಂಡ ಸೇರಿದರು.

ವಿದೇಶಿ ಆಟಗಾರರು ಒಂದೆರಡು ಋತು ಆಡಿ ಹೊರಟುಬಿಡುವ ನಮ್ಮ ಲೀಗ್‌ಗಳಲ್ಲಿ ಒಂದೇ ಕ್ಲಬ್ಬಿಗೆ ಐದು ಋತು ಆಡುವುದು ಅಪರೂಪ. ಚೆಂಡು ಗೋಲಿಗೆ ಬೀಳದೆ ಉಳಿದ ಸಂಜೆಗಳಿಗೆ ಅಂಕಪಟ್ಟಿಯಲ್ಲಿ ಯಾರ ಹೆಸರೂ ಇರುವುದಿಲ್ಲ. ಐದು ವರ್ಷದ ಅಂಥ ಸಂಜೆಗಳಲ್ಲಿಯೇ ಜಾನ್ಸನ್ ಅವರ ಲೆಕ್ಕವಿದೆ.