ರಾಬರ್ಟ್ ಬ್ರೂಸ್ ಫೂಟ್: ಶಿಲೆಯ ನಕ್ಷೆಯಿಂದ ಶಿಲಾಯುಗಕ್ಕೆ

1863ರ ಮೇ 30. ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಜಂಬಿಟ್ಟಿಗೆ ಜಲ್ಲಿಗಾಗಿ ತೋಡಿದ್ದ ಗುಂಡಿಯೊಂದರ ಪಕ್ಕದಲ್ಲಿ, ಇಪ್ಪತ್ತೆಂಟು ವರ್ಷದ ಭೂವಿಜ್ಞಾನಿಯೊಬ್ಬರಿಗೆ ಬೆಣಚುಶಿಲೆಯ ಒಂದು ತುಂಡು ಸಿಕ್ಕಿತು. ಅದು ತಾನಾಗಿ ಒಡೆದ ಕಲ್ಲಲ್ಲ, ಮನುಷ್ಯ ಚಕ್ಕೆ ಎಬ್ಬಿಸಿ ರೂಪಿಸಿದ ಕೈಗೊಡಲಿ ಎಂದು ಅವರು ಗುರುತಿಸಿದರು. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅಡಿಪಾಯ ಬಿದ್ದದ್ದು ಹೀಗೆ. ಆ ಭೂವಿಜ್ಞಾನಿಯೇ ರಾಬರ್ಟ್ ಬ್ರೂಸ್ ಫೂಟ್.

ಈ ಗುರುತಿಸುವಿಕೆ ಆಕಸ್ಮಿಕವಲ್ಲ. ಫ್ರಾನ್ಸಿನ ಸೊಮ್ ನದಿಯ ಕಣಿವೆಯಲ್ಲಿ ಅಳಿದುಹೋದ ಪ್ರಾಣಿಗಳ ಮೂಳೆಗಳ ಜೊತೆಗೆ ದೊರೆತ ಕಲ್ಲಿನ ಆಯುಧಗಳು ಮಾನವ ನಿರ್ಮಿತವೆಂಬುದನ್ನು ಯೂರೋಪಿನ ವಿಜ್ಞಾನಿಗಳು ಒಪ್ಪಿಕೊಂಡದ್ದು 1859ರಲ್ಲಿ. ನಾಲ್ಕೇ ವರ್ಷಗಳಲ್ಲಿ ಅಂಥದೇ ಕಲ್ಲು ಇಲ್ಲಿ ಸಿಕ್ಕಿತು. ಆದರೆ ಅದು ಅಗೆದು ಹಾಕಿದ ರಾಶಿಯಲ್ಲಿತ್ತು. ಯಾವ ಪದರದಿಂದ ಬಂತೆಂದು ಹೇಳಲಾಗದ ಕಲ್ಲಿಗೆ ಪ್ರಾಚೀನತೆಯ ಪುರಾವೆ ಎಲ್ಲಿ? ಅದೇ ಸೆಪ್ಟೆಂಬರ್‌ನಲ್ಲಿ ಫೂಟ್ ಮತ್ತು ಸಹೋದ್ಯೋಗಿ ವಿಲಿಯಂ ಕಿಂಗ್, ಕೊರ್ತಲೈಯಾರ್ ನದಿಯ ಬಳಿಯ ಅತ್ತಿರಂಪಾಕ್ಕಂನಲ್ಲಿ ಪದರದೊಳಗೇ ಹುದುಗಿದ್ದ ಆಯುಧಗಳನ್ನು ಕಂಡರು. ಸಂದೇಹ ಬಗೆಹರಿಯಿತು.

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ನೇತೃತ್ವದಲ್ಲಿ ಕೆಲಸ ಆರಂಭಿಸಿದ್ದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಅವರು ಸೇರಿದ್ದು 1858ರಲ್ಲಿ. ಸರ್ಕಾರಕ್ಕೆ ಬೇಕಾಗಿದ್ದುದು ಕಲ್ಲಿದ್ದಲು, ಅದಿರು ಮತ್ತು ಶಿಲೆಗಳ ನಕ್ಷೆ. ಕಲ್ಲಿನ ಆಯುಧ ಹುಡುಕುವುದು ಅವರ ಕರ್ತವ್ಯವಾಗಿರಲಿಲ್ಲ. ಆದರೆ ನಕ್ಷೆಗಾಗಿ ಹಳ್ಳಕೊಳ್ಳ, ಬೆಟ್ಟಗುಡ್ಡ ಸುತ್ತುವವನಿಗೆ ಇವೆರಡೂ ಒಂದೇ ದಾರಿಯಲ್ಲಿ ಸಿಗುತ್ತವೆ. ಫೂಟ್ ಎರಡನ್ನೂ ದಾಖಲಿಸಿದರು.

ಕರ್ನಾಟಕಕ್ಕೆ ಅವರ ಋಣ ದೊಡ್ಡದು. ಬೆಳಗಾವಿ, ಬಿಜಾಪುರ ಭಾಗಗಳನ್ನೊಳಗೊಂಡ ದಕ್ಷಿಣ ಮರಾಠಾ ಸೀಮೆಯ ಅವರ ವರದಿ 1876ರಲ್ಲಿ ಪ್ರಕಟವಾಯಿತು. 1887ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ಪ್ರದೇಶಗಳನ್ನು ಪರಿಶೀಲಿಸಿದರು. ದಕ್ಷಿಣದಲ್ಲಿ ಚಿನ್ನವಿರುವ ಬೆಣಚು ಸಿರಗಳು ಬಹುಪಾಲು ಒಂದು ನಿರ್ದಿಷ್ಟ ಪದರುಶಿಲಾ ಪಟ್ಟಿಗಳಲ್ಲೇ ಇವೆ ಎಂದು ಗುರುತಿಸಿ, ಆ ಶಿಲಾಸಮೂಹಕ್ಕೆ ‘ಧಾರವಾಡ’ ಎಂದು ಹೆಸರಿಟ್ಟರು. 1888ರಲ್ಲಿ ಆ ಕುರಿತ ಪ್ರಬಂಧ ಪ್ರಕಟವಾಯಿತು. ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ಬಳಸುವ ಹೆಸರದು.

ಬಳ್ಳಾರಿ ಜಿಲ್ಲೆಯಲ್ಲಿ ಅವರನ್ನು ಸೆಳೆದದ್ದು ಬೂದಿದಿಬ್ಬಗಳು. ಕುಡತಿನಿಯಂಥ ಕಡೆ ಇವನ್ನು ರಾಕ್ಷಸರ ಬೂದಿ ಎಂದು ಜನ ಹೇಳುತ್ತಿದ್ದರು. ಇವು ನವಶಿಲಾಯುಗದ ಪಶುಪಾಲಕರು ಕೂಡಿಟ್ಟ ಸಗಣಿ ಸುಟ್ಟು ಉಂಟಾದವು ಎಂದು ಫೂಟ್ ಪ್ರತಿಪಾದಿಸಿದರು. 1957ರಲ್ಲಿ ರೇಮಂಡ್ ಆಲ್ಚಿನ್ ಉಟ್ನೂರಿನಲ್ಲಿ ನಡೆಸಿದ ಉತ್ಖನನ ಈ ವಾದವನ್ನು ಬಲಪಡಿಸಿತು.

1891ರಲ್ಲಿ ನಿವೃತ್ತರಾದ ಫೂಟ್ ಬರೋಡ ಸಂಸ್ಥಾನಕ್ಕೂ ದುಡಿದರು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದರು. ನಾಲ್ಕು ದಶಕಗಳಲ್ಲಿ ಕೂಡಿಸಿದ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯಕ್ಕಾಗಿ 40,000 ರೂಪಾಯಿಗೆ ಕೊಳ್ಳಲಾಯಿತು. ವಸ್ತುಗಳ ನೆಲೆಯನ್ನು ಹೇಳುವ ಅವರ ವಿವರಪಟ್ಟಿ ಅಚ್ಚಾಗಿ ಬಂದದ್ದು 1914ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. 1912ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು.

ಆ ಕಲ್ಲುಗಳ ವಯಸ್ಸೆಷ್ಟು? ಫೂಟ್ ಕಾಲದಲ್ಲಿ ಅದಕ್ಕೆ ಉತ್ತರಿಸುವ ಸಾಧನವಿರಲಿಲ್ಲ. ಉತ್ತರ ಬಂದದ್ದು ಭೌತವಿಜ್ಞಾನದಿಂದ. ನೆಲದ ಮೇಲಿರುವ ಬೆಣಚಿನಲ್ಲಿ ವಿಶ್ವಕಿರಣಗಳ ಬಡಿತದಿಂದ ಅಲ್ಯೂಮಿನಿಯಂ-26 ಮತ್ತು ಬೆರಿಲಿಯಂ-10 ಉಂಟಾಗುತ್ತವೆ. ಕಲ್ಲು ಆಳವಾಗಿ ಹೂತುಹೋದರೆ ಉತ್ಪತ್ತಿ ಬಹುಮಟ್ಟಿಗೆ ನಿಲ್ಲುತ್ತದೆ. ಮೊದಲನೆಯದರ ಅರ್ಧಾಯು ಸುಮಾರು 7 ಲಕ್ಷ ವರ್ಷ, ಎರಡನೆಯದರದು ಸುಮಾರು 14 ಲಕ್ಷ. ಉಳಿದ ಪ್ರಮಾಣಗಳ ಅನುಪಾತವೇ ಹೂತ ಕಾಲವನ್ನು ತಿಳಿಸುವ ಗಡಿಯಾರ. ಶಾಂತಿ ಪಪ್ಪು ಮತ್ತು ಸಂಗಡಿಗರು ಅತ್ತಿರಂಪಾಕ್ಕಂನಲ್ಲಿ ಹೊಸದಾಗಿ ಉತ್ಖನನ ಮಾಡಿ, ಈ ವಿಧಾನದ ಜೊತೆಗೆ ಪದರಗಳ ಪುರಾತನ ಕಾಂತತ್ವವನ್ನೂ ಅಳೆದರು. ಅಲ್ಲಿನ ಅತಿ ಹಳೆಯ ಆಯುಧಗಳು 10 ಲಕ್ಷ ವರ್ಷಗಳಿಗೂ ಹಿಂದಿನವು, ಪ್ರಾಯಶಃ 15 ಲಕ್ಷ ವರ್ಷಗಳಷ್ಟು ಹಳೆಯವು ಎಂದು 2011ರಲ್ಲಿ ಪ್ರಕಟಿಸಿದರು.

ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕಲ್ಲಿನ ಬಗ್ಗೆ ಅದು ಹೆಚ್ಚೇನೂ ಹೇಳಲಾರದು. ಸುಮಾರು ಒಂದೂವರೆ ಶತಮಾನದ ನಂತರವೂ ಸಂಶೋಧಕರು ಅದೇ ನೆಲೆಗೆ ಹೋಗಿ ಅಗೆಯಲು ಸಾಧ್ಯವಾದದ್ದು ಫೂಟ್ ಸ್ಥಳ ಮತ್ತು ಪದರವನ್ನು ಬರೆದಿಟ್ಟಿದ್ದರಿಂದ. ಕೇಳದ ಮಾಹಿತಿಯನ್ನೂ ಶಿಸ್ತಿನಿಂದ ದಾಖಲಿಸಿದ ಆ ಸರ್ಕಾರಿ ನೌಕರನ ಕೆಲಸ, ನಿವೃತ್ತಿಯೊಂದಿಗೆ ಮುಗಿಯಲಿಲ್ಲ.