ಗಾಂಜಾ: ಗಂಡು ಗಿಡ, ಹೆಣ್ಣು ಗಿಡ ಮತ್ತು ಕಾನೂನಿನ ತಕ್ಕಡಿ

ಗಾಂಜಾ ಅಥವಾ ಭಂಗಿ ಗಿಡದಲ್ಲಿ ಗಂಡು ಹೂ ಒಂದು ಗಿಡದಲ್ಲಿ, ಹೆಣ್ಣು ಹೂ ಇನ್ನೊಂದು ಗಿಡದಲ್ಲಿ ಅರಳುತ್ತವೆ. ಪಪ್ಪಾಯಿ ಬೆಳೆದವರಿಗೆ ಇದು ಹೊಸತಲ್ಲ. ಆದರೆ ಗಾಂಜಾ ಬೆಳೆಯುವವನಿಗೆ ಗಂಡು ಗಿಡ ಒಂದೂ ಬೇಡ. ಮಾದಕ ಅಂಟು ಹೇರಳವಾಗಿ ಒಸರುವುದು ಹೆಣ್ಣು ಹೂಗೊಂಚಲಿನಲ್ಲಿ. ಪರಾಗ ತಾಗಿ ಬೀಜ ಕಟ್ಟಿತೆಂದರೆ ಗಿಡದ ಸತ್ವ ಬೀಜದ ಕಡೆಗೆ ತಿರುಗುತ್ತದೆ, ಅಂಟು ಇಳಿಯುತ್ತದೆ. ಪರಾಗ ಗಾಳಿಯಲ್ಲಿ ಬಹುದೂರ ತೇಲುವುದರಿಂದ ಪಕ್ಕದ ಹೊಲದವನ ಅಲಕ್ಷ್ಯವೂ ಬೆಳೆ ಕೆಡಿಸಬಲ್ಲದು.

ಈ ಕಾರಣಕ್ಕಾಗಿಯೇ ಬ್ರಿಟಿಷರ ಕಾಲದ ಬಂಗಾಳದಲ್ಲಿ ಒಂದು ವಿಚಿತ್ರ ಕಸುಬು ಹುಟ್ಟಿಕೊಂಡಿತ್ತು. ರಾಜಶಾಹಿ ಜಿಲ್ಲೆಯ ನೌಗಾಂವ್ (ಇಂದು ಬಾಂಗ್ಲಾದೇಶದಲ್ಲಿದೆ) ಸರ್ಕಾರದ ಪರವಾನಗಿ ಪಡೆದು ಗಾಂಜಾ ಬೆಳೆಯುತ್ತಿದ್ದ ಸೀಮೆ. ಅಲ್ಲಿ ಗಂಡು ಗಿಡವನ್ನು ಗುರುತಿಸಿ ಕೀಳುವವನಿಗೆ ಪೋದ್ದಾರ್ ಎಂದು ಹೆಸರು. ಇಂಗ್ಲಿಷ್ ಅಧಿಕಾರಿಗಳ ಬಾಯಲ್ಲಿ ಆತ ‘ಗಾಂಜಾ ಡಾಕ್ಟರ್’. ಮಳೆಗಾಲದಲ್ಲಿ ಸಸಿಮಡಿ ಹಾಕಿ, ಸೆಪ್ಟೆಂಬರ್ ಸುಮಾರಿಗೆ ನಾಟಿ ಮಾಡುತ್ತಿದ್ದರು. ನವೆಂಬರ್ ಹೊತ್ತಿಗೆ ಕೆಳಗಿನ ರೆಂಬೆಗಳನ್ನು ಸವರಿ, ಬುಡಕ್ಕೆ ಹಿಂಡಿ ಮತ್ತು ಸಗಣಿ ಗೊಬ್ಬರ ಕೊಡುತ್ತಿದ್ದರು. ನೆರಳಲ್ಲಿ ಸೊರಗುವ ರೆಂಬೆಗೆ ಹೋಗುವ ಸಾರ ಮೇಲಿನ ತೆನೆಗೆ ಸಿಗಲಿ, ಗಿಡ ಗೋಪುರದಂತೆ ಏಳಲಿ ಎಂಬುದು ಸವರುವಿಕೆಯ ಉದ್ದೇಶ. ಗಿಡಗಳ ನಡುವೆ ಓಡಾಡಲು, ಒಂದೊಂದನ್ನೂ ಪರೀಕ್ಷಿಸಲು ಅದರಿಂದ ಅನುಕೂಲವೂ ಆಗುತ್ತಿತ್ತು. ಪೋದ್ದಾರ್ ಹೊಲಕ್ಕೆ ಇಳಿಯುತ್ತಿದ್ದುದು ಆ ಸಮಯದಲ್ಲೇ. ಕೊಯ್ಲು ಜನವರಿ, ಫೆಬ್ರವರಿಯಲ್ಲಿ.

ಪೋದ್ದಾರ್ ನೋಡಬೇಕಾಗಿದ್ದುದು ಎಲೆಯನ್ನಲ್ಲ, ಗೆಣ್ಣನ್ನು. ಎಲೆ ಎರಡರಲ್ಲೂ ಒಂದೇ. ಗಂಡು ಗಿಡದ ಗೆಣ್ಣಿನಲ್ಲಿ ದುಂಡನೆಯ ಪುಟ್ಟ ಮೊಗ್ಗುಗಳು ಸಡಿಲವಾಗಿ ಜೋತು ಬೀಳುತ್ತವೆ; ಅರಳಿದಾಗ ಐದು ದಳ, ಐದು ಕೇಸರ. ಹೆಣ್ಣು ಗಿಡದಲ್ಲಾದರೆ ಹಸಿರು ಹೊದಿಕೆಯೊಳಗಿನಿಂದ ಎರಡು ಬಿಳಿ ಎಳೆಗಳು ಇಣುಕುತ್ತವೆ. ಗಂಡು ಗಿಡ ಸಾಮಾನ್ಯವಾಗಿ ಎತ್ತರ, ಸಪೂರ. ಪರಾಗ ಉದುರಿಸಿ ಬೇಗ ಒಣಗುತ್ತದೆ. ಮೊಗ್ಗು ಬಿರಿಯುವ ಮೊದಲೇ ಕಿತ್ತರೆ ಮಾತ್ರ ಪ್ರಯೋಜನ. ಹಾಗೆ ಕಿತ್ತ ಮೇಲೂ ನಿಶ್ಚಿಂತೆಯಿಲ್ಲ: ಹೆಣ್ಣು ಗಿಡದಲ್ಲೇ ಅಲ್ಲೊಂದು ಇಲ್ಲೊಂದು ಗಂಡು ಹೂ ಮೂಡುವುದುಂಟು.

ಜನರ ಕಣ್ಣು ಈ ವಿಷಯದಲ್ಲಿ ಮೋಸ ಹೋದದ್ದೂ ಇದೆ. ಯುರೋಪಿನ ರೈತರು ಸಪೂರವಾದ, ಬೇಗ ಸಾಯುವ ಗಿಡವನ್ನೇ ಹೆಣ್ಣೆಂದು ಬಗೆದರು. ಇಂಗ್ಲಿಷಿನಲ್ಲಿ ಗಂಡು ಗಿಡಕ್ಕಿದ್ದ ‘ಫಿಂಬಲ್’ ಎಂಬ ಹಳೆಯ ಹೆಸರು ಹೆಣ್ಣು ಎಂಬ ಅರ್ಥದ ಶಬ್ದದಿಂದಲೇ ಬಂದದ್ದು. ದುರ್ಬಲವಾದದ್ದೆಲ್ಲ ಹೆಣ್ಣು ಎಂಬ ಪೂರ್ವಗ್ರಹ ಸಸ್ಯಗಳನ್ನೂ ಬಿಟ್ಟಿಲ್ಲ.

ಸರ್ಕಾರಕ್ಕೆ ಇದರಲ್ಲಿ ಆಸಕ್ತಿ ಇದ್ದುದು ತೆರಿಗೆಗಾಗಿ. ನೌಗಾಂವ್‌ನ ಫಸಲು ಸರ್ಕಾರದ ಉಗ್ರಾಣಕ್ಕೆ ಸೇರಿ, ಅಲ್ಲಿಂದ ತೂಕದ ಮೇಲೆ ಸುಂಕ ತೆತ್ತು ಹೊರಬರುತ್ತಿತ್ತು. ತುಳಿದು ಚಪ್ಪಟೆ ಮಾಡಿದ್ದು, ಉರುಳಿಸಿ ದುಂಡಗೆ ಮಾಡಿದ್ದು, ಕಡ್ಡಿಯಿಂದ ಉದುರಿದ ‘ಚೂರ್’ ಎಂದು ಮೂರು ಬಗೆ. ಚಪ್ಪಟೆಯದರಲ್ಲಿ ಕಡ್ಡಿ ಹೆಚ್ಚಾದ್ದರಿಂದ ಸುಂಕ ಕಡಿಮೆ. ಚೂರ್‌ಗೆ ಎಲ್ಲಕ್ಕಿಂತ ಹೆಚ್ಚು. 1893ರಲ್ಲಿ ನೇಮಕಗೊಂಡ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ 1,193 ಸಾಕ್ಷಿಗಳನ್ನು ವಿಚಾರಿಸಿ, ಪೂರ್ಣ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯ ಹತೋಟಿ ಸಾಕು ಎಂದು ಅಭಿಪ್ರಾಯಪಟ್ಟಿತು.

ಕಡ್ಡಿಯನ್ನು ತೂಕದಲ್ಲಿ ಸೇರಿಸಬೇಕೇ ಎಂಬ ಅದೇ ಪ್ರಶ್ನೆ ಇಂದು ನ್ಯಾಯಾಲಯಗಳಲ್ಲಿದೆ. 1985ರ ಮಾದಕ ವಸ್ತುಗಳ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಂದ ಬೇರ್ಪಟ್ಟ ಬೀಜ, ಎಲೆ ಅದರಲ್ಲಿ ಸೇರುವುದಿಲ್ಲ. ವಶಪಡಿಸಿಕೊಂಡದ್ದು 1 ಕಿಲೋವರೆಗೆ ‘ಅಲ್ಪ ಪ್ರಮಾಣ’: ಗರಿಷ್ಠ ಒಂದು ವರ್ಷ ಸಜೆ. 20 ಕಿಲೋ ಎಂಬುದು ‘ವಾಣಿಜ್ಯ ಪ್ರಮಾಣ’ದ ಗೆರೆ, ಅದನ್ನು ದಾಟಿದರೆ 10ರಿಂದ 20 ವರ್ಷ, ಜಾಮೀನೂ ಬಲು ಕಷ್ಟ. ನಮ್ಮ ರಾಜ್ಯದಲ್ಲಿ ಹತ್ತಿ, ತೊಗರಿ, ಮೆಕ್ಕೆಜೋಳದ ಸಾಲುಗಳ ನಡುವೆ ಪತ್ತೆಯಾದ ಹಸಿ ಗಿಡಗಳನ್ನು ಬೇರುಸಹಿತ ಕಿತ್ತು ತೂಗಿದ ಸುದ್ದಿ ಆಗಾಗ ಬರುತ್ತದೆ. ಮಣ್ಣು, ಬೇರು, ಕಾಂಡ, ಎಲೆ ಎಲ್ಲವೂ ತಕ್ಕಡಿಗೆ ಬಿದ್ದರೆ ಅಂಕಿ ಎಷ್ಟು ಏರೀತೆಂಬುದನ್ನು ಹೇಳಬೇಕಾಗಿಲ್ಲ. ತುದಿಯನ್ನು ಬೇರೆ ಮಾಡಿ ತೂಗಿಲ್ಲ ಎಂಬುದು ಆರೋಪಿಗಳ ಪರ ವಕೀಲರ ಸಾಮಾನ್ಯ ತಕರಾರು.

ಬೇಸಾಯದ ಅಪರಾಧದ ಮಾತು ಬೇರೆ. ಕಾಯ್ದೆಯಲ್ಲಿ ‘ಗಿಡ’ ಎಂದರೆ ಆ ಕುಲದ ಯಾವುದೇ ಗಿಡ. ಗಂಡು ಹೆಣ್ಣೆಂಬ ಭೇದವಿಲ್ಲ. ಗಂಡು ಗಿಡದಲ್ಲಿ ಅಮಲಿಲ್ಲ ಎಂಬ ಸಮಜಾಯಿಷಿ ಅಲ್ಲಿ ನಡೆಯದು. ಕುಂಡವಿರಲಿ, ಹಿತ್ತಲಿರಲಿ, ದೀಪದ ಬೆಳಕಿನ ಕೋಣೆಯಿರಲಿ, ಪರವಾನಗಿಯಿಲ್ಲದೆ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕೆನಡಾದಂತೆ ಮನೆಯಲ್ಲಿ ಬೆಳೆಯಲು ಅವಕಾಶವಿರುವ ದೇಶಗಳಲ್ಲಿ ಹೆಣ್ಣು ಗಿಡವನ್ನೇ ಕೊಡುವಂತೆ ತಯಾರಿಸಿದ ಬೀಜ ಅಂಗಡಿಯಲ್ಲಿ ಸಿಗುತ್ತದೆ. ಪೋದ್ದಾರನ ಕಸುಬಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ.

ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಕಾಯ್ದೆಯ 14ನೇ ಕಲಮಿನಡಿ ಸರ್ಕಾರ ಅನುಮತಿ ನೀಡಬಹುದು. ಉತ್ತರಾಖಂಡ 2018ರಲ್ಲಿ ಈ ದಾರಿ ಹಿಡಿಯಿತು. ನಾರಿಗೆ ಗಂಡು ಗಿಡವೇ ಮೇಲು, ಅದರ ಎಳೆ ಹೆಚ್ಚು ನಯ. ಬೀಜ ಬೇಕೆಂದರೂ ಗಂಡು ಗಿಡ ಹೊಲದಲ್ಲಿರಲೇಬೇಕು.